ವಿಂಟರ್ ಸೊನಾಟಾ: ಇಪ್ಪತ್ತು ಕಂತಿನಲ್ಲಿ ಗಟ್ಟಿ ಎಷ್ಟು, ಜೊಳ್ಳು ಎಷ್ಟು?

ಕಂತುಗಾರ:

ಕೊರಿಯಾದ ಮೆಲೋಡ್ರಾಮಾ ಎಂದ ಕೂಡಲೇ ಅಪಘಾತ, ಮರೆವು, ಹುಟ್ಟಿನ ಗುಟ್ಟು, ಕೊನೆಗೊಂದು ಕಾಯಿಲೆ ಎಂದು ನಾಲ್ಕು ಬೆರಳು ಮಡಚಿ ಮಾತು ಮುಗಿಸುವವರಿದ್ದಾರೆ. ಆ ನಾಲ್ಕೂ ಒಟ್ಟಿಗೆ ಸಿಗುವ ಧಾರಾವಾಹಿ ‘ವಿಂಟರ್ ಸೊನಾಟಾ’. ಕೆಬಿಎಸ್ 2 ವಾಹಿನಿಯಲ್ಲಿ 2002ರ ಜನವರಿ 14ರಿಂದ ಮಾರ್ಚ್ 19ರವರೆಗೆ ಸೋಮವಾರ, ಮಂಗಳವಾರ ಬಂತು. ಹತ್ತು ವಾರ, 20 ಕಂತು, ಕಂತಿಗೆ ಸುಮಾರು ಒಂದು ಗಂಟೆ. ನಿರ್ದೇಶಕ ಯೂನ್ ಸೋಕ್-ಹೋ. ಅವರು ಒಂದೊಂದು ಋತುವಿಗೆ ಒಂದೊಂದರಂತೆ ಮಾಡಿದ ನಾಲ್ಕು ಧಾರಾವಾಹಿಗಳಲ್ಲಿ ಇದು ಎರಡನೆಯದು.

ನೋಡದವರು ಇಲ್ಲಿಗೇ ನಿಲ್ಲಿಸಿ. ಮುಂದೆ ಕಥೆಯನ್ನು ಪೂರ್ತಿ ಬಿಚ್ಚಿಡುತ್ತೇನೆ.

ಚುನ್‌ಚೋನ್ ಊರಿನ ಹೈಸ್ಕೂಲಿಗೆ ಹೊಸದಾಗಿ ಸೇರುವ ಕಾಂಗ್ ಜೂನ್-ಸಾಂಗ್ ತನ್ನ ತಂದೆ ಯಾರೆಂದು ಹುಡುಕಿಕೊಂಡು ಬಂದವನು. ಅಲ್ಲಿ ಜಂಗ್ ಯೂ-ಜಿನ್ ಸಿಗುತ್ತಾಳೆ. ಡಿಸೆಂಬರ್ 31ರ ರಾತ್ರಿ ಅವಳನ್ನು ನೋಡಲು ಓಡುವಾಗ ಅಪಘಾತ. ಸತ್ತನೆಂಬ ಸುದ್ದಿ ಬರುತ್ತದೆ. ಹತ್ತು ವರ್ಷದ ನಂತರ, ಬಾಲ್ಯದ ಗೆಳೆಯ ಕಿಮ್ ಸಾಂಗ್-ಹ್ಯೋಕ್ ಜೊತೆ ನಿಶ್ಚಿತಾರ್ಥದ ದಿನ, ವರ್ಷದ ಮೊದಲ ಹಿಮ ಬೀಳುತ್ತಿರುವಾಗ ಯೂ-ಜಿನ್‌ಗೆ ಬೀದಿಯಲ್ಲಿ ಅದೇ ಮುಖ ಕಾಣುತ್ತದೆ. ಅವನ ಹೆಸರು ಲೀ ಮಿನ್-ಹ್ಯೋಂಗ್, ಅಮೆರಿಕದಿಂದ ಬಂದ ವಾಸ್ತುಶಿಲ್ಪಿ, ಅವಳದೇ ಶಾಲೆಯ ಓ ಛೆ-ರಿನ್‌ಳ ಪ್ರಿಯಕರ.

ನನ್ನ ವಾದ ಇಷ್ಟು: ಈ ಕಥೆಯಲ್ಲಿ ಮರೆವು ಅದ್ಭುತವಾಗಿ ಕೆಲಸ ಮಾಡುತ್ತದೆ, ಹುಟ್ಟಿನ ಗುಟ್ಟು ಕಥೆಯನ್ನು ಕೆಡಿಸುತ್ತದೆ. ಸಾಮಾನ್ಯವಾಗಿ ಮರೆವಿನ ಕಥೆಗಳಲ್ಲಿ ಪ್ರೇಕ್ಷಕರು ಕಾಯುವುದು ‘ನೆನಪು ಯಾವಾಗ ಬರುತ್ತದೆ’ ಎಂದು. ಇಲ್ಲಿ ಕಾಯುವುದು ಬೇರೆಯದಕ್ಕೆ. ಮಿನ್-ಹ್ಯೋಂಗ್ ಬೇರೆಯವನೆಂದೇ ಯೂ-ಜಿನ್ ತಿಳಿದಿದ್ದಾಳೆ. ಹಾಗೆ ತಿಳಿದುಕೊಂಡೇ, ಸ್ಕೀ ರೆಸಾರ್ಟಿನ ಕೆಲಸದ ನಡುವೆ ಅವನನ್ನು ಅವನಾಗಿಯೇ ಮೆಚ್ಚುತ್ತಾಳೆ. ಅವನಿಗಾದರೋ ‘ಇವಳು ನೋಡುತ್ತಿರುವುದು ನನ್ನನ್ನೋ, ಸತ್ತ ಹುಡುಗನನ್ನೋ’ ಎಂಬ ಸಂಕಟ. ಸಾಂಗ್-ಹ್ಯೋಕ್‌ಗೆ ಹತ್ತು ವರ್ಷ ಕಾದದ್ದಕ್ಕೆ ಬೆಲೆ ಇದೆಯೋ ಇಲ್ಲವೋ ಎಂಬ ಪ್ರಶ್ನೆ. ಮೂವರ ಮುಂದೆಯೂ ತೀರ್ಮಾನ ಮಾಡಬೇಕಾದ ವಿಷಯವೊಂದಿದೆ, ಯಾವ ತೀರ್ಮಾನಕ್ಕೂ ಬೆಲೆ ತೆರಬೇಕು.

ನೆನಪು ಮರಳಿದ ಮೇಲೆ ‘ಇವರಿಬ್ಬರೂ ಒಂದೇ ತಂದೆಯ ಮಕ್ಕಳು’ ಎಂಬ ಮಾತು ಬಂದು ಬೀಳುತ್ತದೆ. ಆ ಕ್ಷಣದಿಂದ ಯಾರಿಗೂ ತೀರ್ಮಾನಿಸಲು ಏನೂ ಉಳಿಯುವುದಿಲ್ಲ. ಅಣ್ಣ ತಂಗಿ ಎಂದಮೇಲೆ ಮುಗಿಯಿತಲ್ಲ. ಆಮೇಲೆ ಅದೂ ಸುಳ್ಳು, ಅವನು ನಿಜವಾಗಿ ಸಾಂಗ್-ಹ್ಯೋಕ್‌ನ ತಂದೆಯ ಮಗ ಎಂದು ಗೊತ್ತಾಗುತ್ತದೆ. ಹಗ್ಗ ಬಿಗಿದದ್ದೂ ಕಥೆಗಾರರೇ, ಬಿಚ್ಚಿದ್ದೂ ಅವರೇ. ಪಾತ್ರಗಳ ಕೈಯಲ್ಲಿ ಏನೂ ಇರಲಿಲ್ಲ.

ಶಾಲ್ಮಲಾ ದಂಡಿ:

ಕಂತುಗಾರ ಸರ್, ಮರೆವಿನ ಬಗ್ಗೆ ನೀವು ಹೇಳಿದ್ದು ಖರೆ ಐತಿ. ಹುಟ್ಟಿನ ಗುಟ್ಟು ‘ಬಂದು ಬೀಳುತ್ತದೆ’ ಅಂದ್ರಲ್ಲ, ಅದನ್ನ ಒಪ್ಪಾಕ ಆಗೂದಿಲ್ಲ. ಬೀಜ ಮೊದಲನೇ ಕಂತಿನಾಗ ಬಿತ್ಯಾರ. ಹುಡುಗ ಆ ಊರಿಗೆ ಬಂದದ್ದ ಅಪ್ಪನ್ನ ಹುಡುಕ್ಕೋತ. ಸಾಂಗ್-ಹ್ಯೋಕ್‌ನ ಅಪ್ಪ, ಗಣಿತದ ಪ್ರೊಫೆಸರ್ ಕಿಮ್ ಜಿನ್-ವೂ ಅವರ ಕ್ಲಾಸಿಗೆ ಹೋಗಿ ಹಿಂದಿನ ಬೆಂಚಿನಾಗ ಕುಂತು ಅವರ ಮುಖಾನ ನೋಡ್ತಾನ. ಸಾಂಗ್-ಹ್ಯೋಕ್ ಮ್ಯಾಲೆ ಅಂವಗ ಅಷ್ಟು ಸಿಟ್ಟು ಯಾಕ ಅಂತ ಕೇಳಿದ್ರ ಉತ್ತರ ಅಲ್ಲೇ ಐತಿ. ಶಾಲೀ ಭಾಗದಾಗನ ಹಳೇ ಫೋಟೋ ಕಂಡು ಅಂವನ ಮಾರಿ ಬದಲಾಗ್ತೈತಿ. ಎಲ್ಲಾ ಬಿಟ್ಟು ಊರು ಬಿಡಾಕ ಹೊಂಟದ್ದೂ ಅದಕ್ಕ.

ಇನ್ನೊಂದು ಮಾತು. ಅಡ್ಡೆಸರು ನೋಡ್ರಿ. ತಾಯಿ ಪಿಯಾನೋ ಕಲಾವಿದೆ ಕಾಂಗ್ ಮಿ-ಹಿ. ಮಗ ಕಾಂಗ್ ಜೂನ್-ಸಾಂಗ್. ಕೊರಿಯಾದಾಗ ಮಕ್ಕಳಿಗೆ ಸಾಮಾನ್ಯವಾಗಿ ಬರೂದು ತಂದೀ ಅಡ್ಡೆಸರು. ತಾಯೀ ಅಡ್ಡೆಸರು ಐತಿ ಅಂದ್ರ ತಂದಿ ಒಪ್ಪಿಕೊಂಡಿಲ್ಲದ ಮಗ ಅಂತ ಅಲ್ಲಿ ನೋಡಾವ್ರಿಗೆ ಹೆಸರು ಕೇಳಿದ ಕೂಡಲೇ ಗೊತ್ತಾಗ್ತೈತಿ, ಬ್ಯಾರೆ ಡೈಲಾಗ್ ಬೇಕಾಗಿಲ್ಲ. ಅಪಘಾತದ ಮ್ಯಾಲೆ ಅಂವ ‘ಲೀ’ ಆಗ್ತಾನ, ಅದು ಮಲತಂದೀ ಅಡ್ಡೆಸರು. ಹುಟ್ಟಿನಿಂದ ಬರಬೇಕಾಗಿದ್ದ ‘ಕಿಮ್’ ಕಡೀತನಕ ಸಿಗೂದಿಲ್ಲ. ತಾಯಿ ಡಾಕ್ಟರ್ ಕಡೆ ಹೋಗಿ ಮಗನ ನೆನಪನ್ನ ಬದಲಿ ಮಾಡಿಸಿದ್ದು ಯಾಕ? ಅಪ್ಪ ಇಲ್ಲದ ಮಗ ಅನ್ನೋ ಹಣೆಪಟ್ಟಿ ಅಳಿಸಾಕ. ಆವಾಗ ಕೊರಿಯಾದಾಗ ಗಂಡಸನ್ನ ಮನೀ ಯಜಮಾನ ಅಂತ ಬರಿಯೋ ಕುಟುಂಬ ನೋಂದಣಿ ಪದ್ಧತಿ ಇತ್ತು. ಅದು ಸಂವಿಧಾನಕ್ಕ ಹೊಂದೂದಿಲ್ಲ ಅಂತ ಅಲ್ಲಿನ ಸಂವಿಧಾನ ನ್ಯಾಯಾಲಯ ಹೇಳಿದ್ದು 2005ರಾಗ, ಪದ್ಧತಿ ಪೂರ್ತಿ ಹೋಗಿದ್ದು 2008ರ ಜನವರಿ 1ಕ್ಕ. ಧಾರಾವಾಹಿ ಬಂದದ್ದು 2002ರಾಗ. ಅಂದ್ರ ಇದು ಆ ಕಾಲದ ನೋಡುಗರ ಮನ್ಯಾಗಿನ ನೋವು, ಕಥಿಗಾರರು ಗಾಳ್ಯಾಗಿಂದ ತಂದದ್ದಲ್ಲ.

ಕತ್ತರಿ:

ಶಾಲ್ಮಲಾ ಅವರೇ, ಬೀಜ ಬಿತ್ತಿದ್ದಾರೆ, ಒಪ್ಪಿದೆ. ನಡುವೆ ಹತ್ತು ಹನ್ನೆರಡು ಕಂತು ಅದಕ್ಕೆ ನೀರೇ ಹಾಕಿಲ್ಲ. ಹಾಗಾಗಿ ಮೊಳಕೆ ಬಂದಾಗ ನೋಡುವವರಿಗೆ ಹೊಸದಾಗಿ ನೆಟ್ಟ ಗಿಡದಂತೆ ಕಾಣುತ್ತದೆ. ಕಂತುಗಾರರಿಗೆ ಹಾಗನ್ನಿಸಿದ್ದು ಇದಕ್ಕೇ. ನಡುವಿನ ಕಂತುಗಳಲ್ಲಿ ಪ್ರೊಫೆಸರ್ ಜಿನ್-ವೂ ಮತ್ತು ಮಿನ್-ಹ್ಯೋಂಗ್ ಎರಡು ಸಲ ಎದುರಾಗಿ, ಅವನ ಲೆಕ್ಕದ ಬುದ್ಧಿ ಕಂಡು ಪ್ರೊಫೆಸರ್ ಒಂದು ಗಳಿಗೆ ತಡೆದು ನಿಂತಿದ್ದರೂ ಸಾಕಿತ್ತು.

ಸಂಕಲನದ ಕಡೆಯಿಂದ ನೋಡಿದರೆ ದೊಡ್ಡ ದೋಷ ಫ್ಲ್ಯಾಶ್‌ಬ್ಯಾಕ್‌ಗಳದು. ಶಾಲೆಯ ಭಾಗ ಮುಗಿಯುವುದು ಎರಡೇ ಕಂತಿನಲ್ಲಿ, ಅಂದರೆ ಒಟ್ಟು ಅವಧಿಯ ಹತ್ತನೇ ಒಂದು ಪಾಲು. ಉಳಿದ ಹದಿನೆಂಟು ಕಂತು ಆ ಎರಡರಿಂದ ತುಣುಕು ತೆಗೆದು ತೆಗೆದು ತೋರಿಸುತ್ತದೆ. ಕಾರಣ ಕೆಲಸದ ಪದ್ಧತಿಯಲ್ಲಿದೆ. ವಾರಕ್ಕೆ ಎರಡು ಗಂಟೆ ಸಿದ್ಧವಾಗಬೇಕು, ಪ್ರಸಾರ ಶುರುವಾದ ಮೇಲೂ ಚಿತ್ರೀಕರಣ ನಡೆಯುತ್ತಲೇ ಇರುತ್ತದೆ. ಆ ಕಾಲದ ಕೊರಿಯನ್ ಧಾರಾವಾಹಿಗಳಲ್ಲಿ ಪೂರ್ತಿ ಸ್ಕ್ರಿಪ್ಟ್ ಬದಲು ಒಂದೆರಡು ಹಾಳೆಯಷ್ಟೇ ಸೆಟ್ಟಿಗೆ ಬರುವುದು ಮಾಮೂಲಾಗಿತ್ತು, ಅದಕ್ಕೆ ‘ಚೋಕ್-ದೇಬೋನ್’ ಎಂಬ ಹೆಸರೇ ಇದೆ. ಅಂಥ ಹೊತ್ತಿನಲ್ಲಿ ಫ್ಲ್ಯಾಶ್‌ಬ್ಯಾಕ್ ಎಂದರೆ ಲೊಕೇಷನ್ ಬೇಡ, ನಟರ ಕಾಲ್‌ಶೀಟ್ ಬೇಡ, ನಾಲ್ಕು ನಿಮಿಷ ತುಂಬಿತು.

ಕೆಲಸಕ್ಕೆ ಬರುವ ಫ್ಲ್ಯಾಶ್‌ಬ್ಯಾಕ್ ಯಾವುದು, ಜಾಗ ತುಂಬುವುದು ಯಾವುದು ಎಂದು ಅಳೆಯಲು ಮೂರು ಪ್ರಶ್ನೆ ಸಾಕು. ಹಿಂದೆ ತೋರಿಸದ ಕೋನ ಇದೆಯೇ? ನೆನಪಿಸಿಕೊಳ್ಳುತ್ತಿರುವ ವ್ಯಕ್ತಿ ಬದಲಾಗಿದ್ದಾರೆಯೇ? ಅದು ಮುಗಿದ ಮೇಲೆ ವರ್ತಮಾನದ ದೃಶ್ಯದಲ್ಲಿ ಯಾರಾದರೂ ಬೇರೆ ಏನಾದರೂ ಮಾಡುತ್ತಾರೆಯೇ? ಒಂದಕ್ಕಾದರೂ ‘ಹೌದು’ ಇದ್ದರೆ ಇಟ್ಟುಕೊಳ್ಳಬಹುದು. ಈ ಮೂರರಲ್ಲಿ ಜರಡಿ ಹಿಡಿದರೆ ದ್ವಿತೀಯಾರ್ಧದ ಬಹುಪಾಲು ಫ್ಲ್ಯಾಶ್‌ಬ್ಯಾಕ್ ಕೆಳಗೆ ಬೀಳುತ್ತದೆ.

ಇದಕ್ಕೆ ತದ್ವಿರುದ್ಧವಾಗಿ, ಫ್ಲ್ಯಾಶ್‌ಬ್ಯಾಕ್ ಇಲ್ಲದೆ ನೆನಪು ತರುವ ಕಡೆ ಈ ಧಾರಾವಾಹಿ ಬಹಳ ಎತ್ತರದಲ್ಲಿದೆ. ಮೊದಲ ಕಂತು ನೆನಪಿಸಿಕೊಳ್ಳಿ. ಬಸ್ಸಿನಲ್ಲಿ ಯೂ-ಜಿನ್ ಅಪರಿಚಿತ ಹುಡುಗನ ಹೆಗಲಿಗೆ ತಲೆಯಿಟ್ಟು ನಿದ್ದೆಹೋಗುತ್ತಾಳೆ, ತಡವಾಗುತ್ತದೆ, ಶಾಲೆಯ ಗೋಡೆ ಹತ್ತಿ ಒಳಗೆ ಹಾರುತ್ತಾರೆ. ನಾಮಿ ದ್ವೀಪದಲ್ಲಿ ಬಿದ್ದ ಮರದ ದಿಮ್ಮಿಯ ಮೇಲೆ ಅವಳು ನಡೆಯುವುದು, ಅವನು ಕೈ ಹಿಡಿಯುವುದು. ದೊಡ್ಡವರಾದ ಮೇಲೆ ಇಂಥ ಚಲನೆ ಮರಳಿ ಬಂದಾಗ ಹಳೆಯ ದೃಶ್ಯ ಕತ್ತರಿಸಿ ಹಾಕುವ ಅಗತ್ಯವೇ ಇಲ್ಲ. ನೋಡುವವರ ತಲೆಯಲ್ಲಿ ಅದು ತಾನಾಗಿ ಓಡುತ್ತದೆ. ಇಷ್ಟು ಗೊತ್ತಿದ್ದ ತಂಡವೇ ಪಕ್ಕದ ದೃಶ್ಯದಲ್ಲಿ ನಂಬಿಕೆ ಸಾಲದೆ ಹಳೆಯ ತುಣುಕು ಅಂಟಿಸಿದೆಯಲ್ಲ, ಅದು ನೋವಿನ ಸಂಗತಿ.

ಹಿಮದ ದಾರಿ:

ಕತ್ತರಿ ಸರ್ ಹೇಳಿದ ನಿಧಾನಗತಿಗೆ ಇನ್ನೊಂದು ಕಾರಣವೂ ಇದೆ. ಕೊರಿಯಾದಲ್ಲಿ ಆಂಟೆನಾಕ್ಕೆ ನೇರವಾಗಿ ಸಿಗುವ (ಟೆರೆಸ್ಟ್ರಿಯಲ್) ವಾಹಿನಿಗಳಲ್ಲಿ ಕಾರ್ಯಕ್ರಮದ ನಡುವೆ ಜಾಹೀರಾತು ಹಾಕಲು ಅನುಮತಿ ಸಿಕ್ಕಿದ್ದೇ 2021ರಲ್ಲಿ. 2002ರಲ್ಲಿ ಒಂದು ಕಂತು ಎಂದರೆ ತಡೆಯಿಲ್ಲದ ಒಂದು ಗಂಟೆ. ಕನ್ನಡದ ದಿನದ ಧಾರಾವಾಹಿಯಲ್ಲಿ ಅರ್ಧ ಗಂಟೆಯ ಸ್ಲಾಟ್‌ನೊಳಗೆ ಕಥೆಗೆ ಸಿಗುವುದು ಇಪ್ಪತ್ತು ಇಪ್ಪತ್ತೆರಡು ನಿಮಿಷ, ಅದರಲ್ಲೂ ಬ್ರೇಕಿಗೆ ಮೊದಲು ಒಂದು ಏಟು ಕೊಡಲೇಬೇಕು. ಇಲ್ಲಿ ಆ ಒತ್ತಡವಿಲ್ಲ. ಇಬ್ಬರು ಮರಗಳ ಸಾಲಿನಲ್ಲಿ ಮಾತಿಲ್ಲದೆ ಸೈಕಲ್ ಹೊಡೆಯುವುದನ್ನು ಉದ್ದಕ್ಕೆ ತೋರಿಸಬಹುದು. ಎದುರಿನ ಎಸ್‌ಬಿಎಸ್, ಎಂಬಿಸಿ ವಾಹಿನಿಗಳಲ್ಲಿ ಅದೇ ಹೊತ್ತಿಗೆ ಐತಿಹಾಸಿಕ ಧಾರಾವಾಹಿಗಳು ಓಡುತ್ತಿದ್ದವು. ಅರಮನೆ, ಪಿತೂರಿ, ಬಣ್ಣಬಣ್ಣದ ಉಡುಪಿನ ನಡುವೆ ಬಿಳಿ ಹಿಮವೊಂದನ್ನೇ ನೆಚ್ಚಿದ ಧಾರಾವಾಹಿ ಎದ್ದು ಕಂಡಿತು.

ಜಾಗಗಳ ಆಯ್ಕೆ ಇದರ ನಿಜವಾದ ಬಲ. ನಾಮಿ ದ್ವೀಪ ಇರುವುದು ಚುನ್‌ಚೋನ್ ಸೀಮೆಯ ಬುಕ್‌ಹಾನ್ ನದಿಯಲ್ಲಿ, ಚೋಂಗ್‌ಪ್ಯೋಂಗ್ ಅಣೆಕಟ್ಟೆಯ ನೀರು ಏರಿದ್ದರಿಂದ ಆದ ದ್ವೀಪ. ಗಾಪ್ಯೋಂಗ್ ದಡದಿಂದ ದೋಣಿ. ಅಲ್ಲಿನ ಮೆಟಾಸೆಕೋಯಾ ಮರಗಳು ಚಳಿಗಾಲದಲ್ಲಿ ಎಲೆ ಉದುರಿಸುವ ಜಾತಿ. ಹಾಗಾಗಿ ಹಿಮ ಬಿದ್ದಾಗ ಉಳಿಯುವುದು ನೇರ ಕಂಬಗಳ ಎರಡು ಸಾಲು ಮಾತ್ರ. ನಡುವೆ ಎರಡು ಆಕೃತಿ ನಿಲ್ಲಿಸಿದರೆ ಕಣ್ಣು ಬೇರೆಲ್ಲೂ ಹೋಗುವುದಿಲ್ಲ. ಸ್ಕೀ ರೆಸಾರ್ಟ್ ಭಾಗ ಗ್ಯಾಂಗ್‌ವಾನ್ ಪ್ರಾಂತದ ಯೋಂಗ್‌ಪ್ಯೋಂಗ್‌ನದು. 1,458 ಮೀಟರ್ ಎತ್ತರದ ಬಾಲ್ವಾಂಗ್ ಬೆಟ್ಟದ ತುದಿಗೆ ಗೊಂಡೊಲಾ ಹೋಗುತ್ತದೆ. ಹವಾಮಾನ ಕೆಟ್ಟು ಇಬ್ಬರೂ ರಾತ್ರಿ ಮೇಲೆಯೇ ಸಿಕ್ಕಿಕೊಳ್ಳುವ ದೃಶ್ಯಕ್ಕೆ ಈ ಎತ್ತರವೇ ಆಧಾರ.

ದೌರ್ಬಲ್ಯವೂ ಇಲ್ಲೇ ಹುಟ್ಟುತ್ತದೆ. ಪ್ರಸಾರ ಮುಗಿಯುವುದು ಮಾರ್ಚ್ ನಡುವಿನಲ್ಲಿ. ಕಥೆ ಮುಂದೆ ಹೋದಂತೆ ಹಿಮ ಹಿಂದೆ ಸರಿಯುತ್ತದೆ. ಸಮುದ್ರ ಬರುತ್ತದೆ: ಚುಆಮ್ ತೀರ, ಕೊನೆಗೆ ದಕ್ಷಿಣದ ಓಎದೋ ದ್ವೀಪ. ಅಗಲಿಕೆಗೆ ಸಮುದ್ರ ಒಪ್ಪುತ್ತದೆ, ಸರಿ. ಆದರೆ ಹೆಸರಿನಲ್ಲೇ ಚಳಿಗಾಲ ಹೊತ್ತ ಕಥೆ ಹಿಮದಲ್ಲಿ ಹುಟ್ಟಿಸಿದ ಮೌನವನ್ನು ಆಸ್ಪತ್ರೆ, ಆಫೀಸು, ಡ್ರಾಯಿಂಗ್ ರೂಮಿನೊಳಗೆ ಉಳಿಸಿಕೊಳ್ಳಲಾಗಲಿಲ್ಲ. ಕೋಣೆಯೊಳಗೆ ಬಂದ ಕೂಡಲೇ ಪಾತ್ರಗಳು ಮಾತಾಡತೊಡಗುತ್ತವೆ, ಅಳತೊಡಗುತ್ತವೆ.

ನುಡಿಗಟ್ಟು:

ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ನೋಡಿದವರಿಗೆ ಇದರ ಅತ್ಯಂತ ಸೂಕ್ಷ್ಮ ಕೆಲಸ ಕಾಣುವುದೇ ಇಲ್ಲ. ಕನ್ನಡ ಬಲ್ಲವರಿಗೆ ಅದು ಒಂದೇ ಸಾಲಿನಲ್ಲಿ ಹೊಳೆಯುತ್ತದೆ, ಏಕೆಂದರೆ ನಮ್ಮಲ್ಲೂ ನೀನು, ನೀವು ಇವೆ.

ಯೂ-ಜಿನ್ ವಾಸ್ತುಶಿಲ್ಪಿಯನ್ನು ಕರೆಯುವುದು ‘ಮಿನ್-ಹ್ಯೋಂಗ್-ಶಿ’ ಎಂದು. ಹೆಸರಿನ ಕೊನೆಗೆ ಸೇರುವ ‘ಶಿ’ ಮರ್ಯಾದೆಯ ದೂರ ಇಟ್ಟುಕೊಂಡ ಕರೆ, ಕ್ರಿಯಾಪದವೂ ನಮ್ಮ ಬಹುವಚನದಂತೆ ಮರ್ಯಾದೆಯದು. ಶಾಲೆಯ ಹುಡುಗನನ್ನು ಕರೆದದ್ದು ‘ಜೂನ್-ಸಾಂಗ್-ಆ’ ಎಂದು. ಅದು ಓರಗೆಯವರ ನಡುವಿನ ಕರೆ, ನಮ್ಮ ಏಕವಚನದಂತೆ. ಮುಖ ಒಂದೇ, ಮಾತು ಎರಡು. ಅವನೇ ಇವನೆಂದು ತಿಳಿದ ಮೇಲೆ ಅವಳ ಬಾಯಲ್ಲಿ ‘ಆ’ ಮರಳಿ ಬರುತ್ತದೆ. ಅವನೂ ‘ಯೂ-ಜಿನ್-ಶಿ’ ಬಿಟ್ಟು ‘ಯೂ-ಜಿನ್-ಆ’ ಎನ್ನುತ್ತಾನೆ. ಹತ್ತು ವರ್ಷದ ಅಂತರ ಒಂದು ಅಕ್ಷರದಲ್ಲಿ ಮುಚ್ಚಿಹೋಗುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಎರಡು ಕಡೆಯೂ ಬರಿಯ ಹೆಸರು ಬರೆದು ಸುಮ್ಮನಾಗುತ್ತದೆ.

ಇದನ್ನು ಕನ್ನಡಕ್ಕೆ ತರುವ ಅಭ್ಯಾಸ ಮಾಡುವವರಿಗೆ ಕೆಲವು ಮಾತು. ಮೊದಲು ಪಾತ್ರಗಳ ಜೋಡಿಪಟ್ಟಿ ಮಾಡಿ: ಯಾರು ಯಾರಿಗೆ ನೀನು, ಯಾರು ಯಾರಿಗೆ ನೀವು. ಮುಖ್ಯ ಪಾತ್ರಗಳು ಎಂಟು ಎಂದುಕೊಂಡರೂ ಇಪ್ಪತ್ತೆಂಟು ಜೋಡಿ, ಎರಡೂ ದಿಕ್ಕು ಸೇರಿ ಐವತ್ತಾರು. ಆಮೇಲೆ ಯಾವ ದೃಶ್ಯದಲ್ಲಿ ಮರ್ಯಾದೆ ಬದಲಾಗುತ್ತದೆ ಎಂದು ಅದೇ ಪಟ್ಟಿಯಲ್ಲಿ ಗುರುತು ಹಾಕಿ. ಇಂಗ್ಲಿಷಿನಿಂದ ಅನುವಾದಿಸಿದರೆ ಈ ಗುರುತು ಸಿಗುವುದೇ ಇಲ್ಲ, ಕಿವಿಯಲ್ಲಿ ಕೊರಿಯನ್ ಕೇಳಿಸಿಕೊಳ್ಳಬೇಕು. ವಾಕ್ಯದ ಕೊನೆಯಲ್ಲಿ ‘ಯೋ’ ಕೇಳಿದರೆ ಅದು ಹೆಚ್ಚಾಗಿ ನೀವು. ‘ಯೋ’ ಬಿದ್ದುಹೋದರೆ ಹೆಚ್ಚಾಗಿ ನೀನು. ‘ಶಿ’ ಇದ್ದ ಕಡೆ ‘ಅವರೇ’ ಎಂದು ಪ್ರತಿ ಸಲ ತುಂಬಬೇಡಿ, ಭಾರವಾಗುತ್ತದೆ. ಕನ್ನಡದಲ್ಲಿ ಕ್ರಿಯಾಪದವೇ ಸಾಕು: ‘ಬಂದಿರಾ’ ಮತ್ತು ‘ಬಂದೆಯಾ’. ‘ಕಣೋ’, ‘ಕಣೇ’ಗಳನ್ನು ಶಾಲೆಯ ಭಾಗಕ್ಕೆ ಮೀಸಲಿಡಿ. ದೊಡ್ಡವರಾದ ಮೇಲೆ ಒಂದೆರಡು ಕಡೆ ಮಾತ್ರ ಬಂದರೆ ಅದಕ್ಕೆ ಬೆಲೆ.

ಉದ್ದದ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. ಸಬ್‌ಟೈಟಲ್ ಸಾಫ್ಟ್‌ವೇರ್ ಯುನಿಕೋಡ್ ಸಂಕೇತ ಎಣಿಸುತ್ತದೆ, ಓದುಗರ ಕಣ್ಣು ಅಕ್ಷರ ಎಣಿಸುತ್ತದೆ. ‘ಸ್ತ್ರೀ’ ನಮಗೆ ಒಂದಕ್ಷರ, ಯಂತ್ರಕ್ಕೆ ಆರು ಸಂಕೇತ. ಹಾಗಾಗಿ ಯಂತ್ರ ‘ಉದ್ದವಾಯಿತು’ ಎಂದು ಕೆಂಪು ತೋರಿಸಿದರೂ ಗಾಬರಿ ಬೇಡ. ಪರದೆಯ ಮೇಲೆ ಗಟ್ಟಿಯಾಗಿ ಓದಿ ನೋಡಿ. ಎರಡು ಸಾಲು, ಹೆಚ್ಚೆಂದರೆ ಆರೇಳು ಸೆಕೆಂಡು. ಸಾಲುಗಳ ನಡುವಿನ ಅಂತರ ಇಂಗ್ಲಿಷಿಗಿಂತ ಹೆಚ್ಚಿರಲಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಓದಲು ಬರುವುದಿಲ್ಲ.

ಹೊಸ ವೀಕ್ಷಕಿ:

ಮರ್ಯಾದೆಯ ವಿಷಯ ಗೊತ್ತೇ ಇರಲಿಲ್ಲ, ನುಡಿಗಟ್ಟು ಅವರಿಗೆ ವಂದನೆ. ಎರಡು ಪ್ರಶ್ನೆ. ಒಂದು, ಚಿತ್ರ ಮಸುಕಾಗಿ, ಮುಖಗಳು ಅಡ್ಡಕ್ಕೆ ಎಳೆದಂತೆ ಕಾಣುತ್ತವೆ, ಏನು ಮಾಡಬೇಕು? ಎರಡು, ಇಪ್ಪತ್ತು ಗಂಟೆ ಸಮಯ ಇಲ್ಲದವರು ಯಾವ ಕಂತು ನೋಡಬೇಕು?

ಕತ್ತರಿ:

ಚಿತ್ರದ ಪ್ರಶ್ನೆಗೆ: ಮೂಲ ಚೌಕಟ್ಟು 4:3. ಈಗಿನ ಟಿವಿ 16:9. ಟಿವಿ ರಿಮೋಟಿನಲ್ಲಿ ಪಿಕ್ಚರ್ ಸೈಜ್ ಎಂಬಲ್ಲಿ 4:3 ಆರಿಸಿ, ಅಥವಾ ‘ಒರಿಜಿನಲ್’. ಎರಡು ಪಕ್ಕ ಕಪ್ಪು ಪಟ್ಟಿ ಬಂದರೆ ಸರಿಯಾಗಿದೆ ಎಂದರ್ಥ. ಪಟ್ಟಿ ಬೇಡವೆಂದು ಜೂಮ್ ಮಾಡಿದರೆ ಮೇಲೆ ಕೆಳಗೆ ಸೇರಿ ನಾಲ್ಕನೇ ಒಂದು ಪಾಲು ಚಿತ್ರ ಹೋಗುತ್ತದೆ. ಮರಗಳ ಸಾಲಿನ ದೃಶ್ಯದಲ್ಲಿ ಹೋಗುವುದು ಮರದ ತುದಿ ಮತ್ತು ಕಾಲಿನ ಹೆಜ್ಜೆ, ಅಂದರೆ ಚಿತ್ರದ ಜೀವ. ಜನ ಓಡುವಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಕಂಡರೆ ಪ್ಲೇಯರ್‌ನಲ್ಲಿ ‘ಡೀಇಂಟರ್‌ಲೇಸ್’ ಆನ್ ಮಾಡಿ. ಶಾರ್ಪ್‌ನೆಸ್ ಮಾತ್ರ ಏರಿಸಬೇಡಿ, ಹಿಮದ ಬಿಳಿಯಲ್ಲಿ ಹುಳುಕು ಎದ್ದು ಕಾಣುತ್ತದೆ.

ಸ್ವರಮಂಡಲ:

ಸಂಗೀತದ ಬಗ್ಗೆ ಯಾರೂ ಎತ್ತಿಲ್ಲ. ಹೆಸರಲ್ಲೇ ಸೊನಾಟಾ ಇದೆ, ತಾಯಿ ಪಿಯಾನೋ ಕಲಾವಿದೆ, ಹುಡುಗ ನುಡಿಸುವ ಪಿಯಾನೋ ತುಣುಕಿನ ಹೆಸರು ಕೊರಿಯನ್‌ನಲ್ಲಿ ‘ಚೋಉಮ್’, ಅಂದರೆ ಮೊದಲು. ರ್ಯೂ ಹಾಡಿದ ಶೀರ್ಷಿಕೆ ಗೀತೆ ‘ಮೊದಲಿಂದ ಈವರೆಗೆ’. ಎರಡೂ ಹೆಸರಿನಲ್ಲಿ ಅದೇ ಪದ ಕೂತಿದೆ. ಕಥೆ ಇಡೀ ‘ಮೊದಲ’ದರ ಸುತ್ತ: ಮೊದಲ ಹಿಮ, ಮೊದಲ ಪ್ರೇಮ. ಮೊದಲ ಹಿಮ ಬಿದ್ದ ದಿನ ಪ್ರೇಮಿಗಳು ಜೊತೆಗಿರಬೇಕು ಎಂಬ ನಂಬಿಕೆ ಕೊರಿಯಾದಲ್ಲಿ ಇರುವುದರಿಂದ ಆ ಪದಕ್ಕೆ ಅಲ್ಲಿ ಹೆಚ್ಚು ತೂಕ.

ಬಲ ಯಾವುದೆಂದರೆ, ಪಿಯಾನೋ ದೃಶ್ಯದ ಒಳಗೇ ನುಡಿಯುತ್ತದೆ. ಪಾತ್ರವೇ ಕುಳಿತು ನುಡಿಸಿದ ಸ್ವರ ಆಮೇಲೆ ಹಿನ್ನೆಲೆಗೆ ಬಂದಾಗ ಅದಕ್ಕೆ ನೆನಪಿನ ಹಕ್ಕಿದೆ. ದೋಷ ಬಳಕೆಯ ಪ್ರಮಾಣದ್ದು. ಕಣ್ಣಲ್ಲಿ ನೀರು ಬರುವ ಮೊದಲೇ ಶೀರ್ಷಿಕೆ ಗೀತೆ ಶುರುವಾಗುತ್ತದೆ. ಯೂ-ಜಿನ್ ಆಗಿ ನಟಿಸಿದ ಚೋಯ್ ಜಿ-ವೂ ಸದ್ದಿಲ್ಲದೆ ಅಳಬಲ್ಲವರು, ಆ ಸದ್ದಿಲ್ಲದಿರುವುದೇ ಕೇಳಬೇಕಿತ್ತು. ಹಾಡು ಮೂರು ಸೆಕೆಂಡು ತಡವಾಗಿ ಬಂದಿದ್ದರೆ ಎಷ್ಟೋ ದೃಶ್ಯ ಇಮ್ಮಡಿಯಾಗುತ್ತಿತ್ತು.

ಕಂತುಗಾರ:

ಶಾಲ್ಮಲಾ ಅವರ ಅಡ್ಡಹೆಸರಿನ ಮಾತಿನಿಂದ ನನ್ನ ವಾದವನ್ನು ತಿದ್ದಿಕೊಳ್ಳುತ್ತೇನೆ. ಹುಟ್ಟಿನ ಗುಟ್ಟು ಇರಲೇಬೇಕು, ಅದು ಜೂನ್-ಸಾಂಗ್‌ನ ಬೆನ್ನೆಲುಬು. ಬೇಡವಾಗಿದ್ದದ್ದು ‘ಅಣ್ಣ ತಂಗಿ’ ಎಂಬ ತಪ್ಪು ತಿರುವು. ಅವನು ಸಾಂಗ್-ಹ್ಯೋಕ್‌ನ ಅಣ್ಣ ಎಂಬ ಸತ್ಯವೊಂದೇ ಸಾಕಿತ್ತು. ನೋಡಿ, ಆಗ ಎಂಥ ಇಕ್ಕಟ್ಟು: ತಾನು ಪ್ರೀತಿಸಿದವಳು ತನ್ನ ತಮ್ಮನಿಗೆ ನಿಶ್ಚಯವಾಗಿದ್ದವಳು. ತಂದೆಯ ಹೆಸರು ಪಡೆದ ಮಗ ತಮ್ಮ, ಪಡೆಯದವನು ತಾನು. ಇದರಲ್ಲಿ ಪ್ರತಿಯೊಬ್ಬರೂ ತೀರ್ಮಾನಿಸಲೇಬೇಕು. ಈ ಚಿನ್ನವನ್ನು ಕೈಯಲ್ಲಿ ಹಿಡಿದುಕೊಂಡು ಕಥೆಗಾರರು ಕೊನೆಯ ಕಂತುಗಳಲ್ಲಿ ಅವಸರದಲ್ಲಿ ದಾಟಿಬಿಟ್ಟರು.

ಸಾಂಗ್-ಹ್ಯೋಕ್ ಪಾತ್ರದ ಬಗ್ಗೆಯೂ ಹೇಳಬೇಕು. ಪಾರ್ಕ್ ಯೋಂಗ್-ಹಾ ಅದನ್ನು ಬಹಳ ಮಾನವೀಯವಾಗಿ ನಟಿಸಿದ್ದಾರೆ. ಆದರೆ ಯೂ-ಜಿನ್‌ಳನ್ನು ಅವಳ ಇಷ್ಟಕ್ಕೆ ವಿರುದ್ಧವಾಗಿ ಹೋಟೆಲ್ ಕೋಣೆಗೆ ಕರೆದೊಯ್ಯುವ ದೃಶ್ಯವಿದೆ. ಅವಳು ತಪ್ಪಿಸಿಕೊಂಡು ಓಡುತ್ತಾಳೆ. ಮುಂದೆ ಅವನು ಊಟ ಬಿಟ್ಟು ಆಸ್ಪತ್ರೆ ಸೇರಿದಾಗ ಎಲ್ಲರೂ ಅವಳ ಮೇಲೆಯೇ ತಪ್ಪು ಹೊರಿಸುತ್ತಾರೆ, ಕಥೆ ಅದನ್ನು ಪ್ರಶ್ನಿಸುವುದಿಲ್ಲ. ಹೋಟೆಲಿನ ಘಟನೆಗೆ ಉತ್ತರ ಕೊಡದೆ ಅವನನ್ನು ತ್ಯಾಗಮೂರ್ತಿ ಮಾಡಿದ್ದು ಈ ಧಾರಾವಾಹಿಯ ದೊಡ್ಡ ನೈತಿಕ ಬಿರುಕು. ಕಾಲ ಹಾಗಿತ್ತು ಎಂದು ತಳ್ಳಿಹಾಕುವಂತಿಲ್ಲ. ಅವಳ ಕಣ್ಣಿನ ಭಯವನ್ನು ಕ್ಯಾಮೆರಾ ಸರಿಯಾಗಿಯೇ ಹಿಡಿದಿದೆ, ಅಂದರೆ ಮಾಡಿದವರಿಗೆ ಅದು ತಪ್ಪೆಂದು ಗೊತ್ತಿತ್ತು.

ಛೆ-ರಿನ್‌ಗೆ ಆದ ಅನ್ಯಾಯ ಇನ್ನೊಂದು ಬಗೆಯದು. ‘ನೀನು ನನ್ನ ಸತ್ತ ಪ್ರೇಮಿಯ ಹಾಗೇ ಇದ್ದೀಯ ಎಂದು ಹೇಳಿ ಯೂ-ಜಿನ್ ಗಂಡಸರನ್ನು ಒಲಿಸಿಕೊಳ್ಳುತ್ತಾಳೆ’ ಎಂದು ಅವಳು ಮಿನ್-ಹ್ಯೋಂಗ್‌ಗೆ ಮೊದಲೇ ತಲೆ ತುಂಬಿರುತ್ತಾಳೆ. ಅದು ಬಹಳ ಬುದ್ಧಿಯ ಸುಳ್ಳು. ಯೂ-ಜಿನ್ ಮುಂದೆ ಹೇಳಬಹುದಾದ ಸತ್ಯವನ್ನೇ ಅದು ಮೊದಲೇ ಸುಳ್ಳಾಗಿಸಿಬಿಡುತ್ತದೆ. ಇಷ್ಟು ಜಾಣೆಯಾಗಿ ಶುರುವಾದ ಪಾತ್ರ ಅರ್ಧದ ನಂತರ ಬಾಗಿಲ ಹಿಂದೆ ನಿಂತು ಕದ್ದು ಕೇಳುವವಳಾಗಿ ಇಳಿದುಹೋಗುತ್ತದೆ.

ಹಿಮದ ದಾರಿ:

ಜಪಾನಿನ ಪ್ರಸಾರದ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಗುಣದೋಷದ ಚರ್ಚೆಗೆ ಅದು ಬೇಕು. ಎನ್‌ಎಚ್‌ಕೆ 2003ರಲ್ಲಿ ತನ್ನ ಉಪಗ್ರಹ ವಾಹಿನಿಯಲ್ಲಿ ಜಪಾನಿ ಡಬ್ಬಿಂಗ್‌ನಲ್ಲಿ ತೋರಿಸಿತು, 2004ರಲ್ಲಿ ಮುಖ್ಯ ವಾಹಿನಿಗೆ ತಂದಿತು. ಜೂನ್-ಸಾಂಗ್ ಆಗಿ ನಟಿಸಿದ ಬೇ ಯೋಂಗ್-ಜುನ್‌ಗೆ ಅಲ್ಲಿ ‘ಯೋನ್-ಸಾಮ’ ಎಂಬ ಗೌರವದ ಹೆಸರು ಬಂತು. ತಮ್ಮ ಸ್ಲಾಟಿನ ಅಳತೆಗೆ ಕಂತುಗಳನ್ನು ಕತ್ತರಿಸಿಯೇ ತೋರಿಸಿದ್ದರು. ಆಮೇಲೆ 2004ರ ಡಿಸೆಂಬರ್‌ನಲ್ಲಿ ಕತ್ತರಿ ಹಾಕದ ಕೊರಿಯನ್ ಧ್ವನಿಯ ಆವೃತ್ತಿಯನ್ನು ಪ್ರಸಾರ ಮಾಡಿದರು. ಕಡಿಮೆ ಉದ್ದದ್ದನ್ನು ನೋಡಿ ಮೆಚ್ಚಿದವರಿಗಾಗಿ ಉದ್ದದ್ದನ್ನು ಮತ್ತೆ ತರಬೇಕಾಯಿತು. ಕತ್ತರಿ ಸರ್ ಜೊಳ್ಳು ಎಂದದ್ದನ್ನೂ ಬೇಕು ಎಂದು ಬಯಸಿದ ನೋಡುಗರಿದ್ದರು.

ಕತ್ತರಿ:

ಅದನ್ನು ಒಪ್ಪುತ್ತೇನೆ. ನಾನು ಕೈಯಾರೆ ಕತ್ತರಿಸಿದರೂ ಮರಗಳ ಸಾಲನ್ನು ಮುಟ್ಟುವುದಿಲ್ಲ, ಮೌನವನ್ನು ಮುಟ್ಟುವುದಿಲ್ಲ. ಹಳೆಯ ತುಣುಕಿನ ಮರುಪ್ರದರ್ಶನ ಮಾತ್ರ ತೆಗೆಯುತ್ತೇನೆ.

ಕಾಯಿಲೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ಮೊದಲ ಅಪಘಾತದ ಮರೆವನ್ನು ನಂಬುವುದೇ ಕಷ್ಟ. ತಲೆಗೆ ಪೆಟ್ಟು ಬಿದ್ದಾಗ ಸಾಮಾನ್ಯವಾಗಿ ಹೋಗುವುದು ಪೆಟ್ಟಿನ ಆಸುಪಾಸಿನ ನೆನಪು, ಬಾಲ್ಯದ್ದು ಉಳಿಯುತ್ತದೆ. ಇಲ್ಲಿ ಇಡೀ ಹದಿನೆಂಟು ವರ್ಷ ಹೋಗಿ, ಸಮ್ಮೋಹನದಿಂದ ಬೇರೆ ಬಾಲ್ಯವನ್ನೇ ತುಂಬುತ್ತಾರೆ. ಕಥೆಗೆ ಅಡಿಪಾಯ ಎಂದು ಒಂದು ಸಲ ಒಪ್ಪಿಕೊಳ್ಳಬಹುದು. ಎರಡನೇ ಅಪಘಾತದಿಂದ ನೆನಪು ಮರಳುವುದನ್ನೂ ನುಂಗಿಕೊಳ್ಳಬಹುದು. ಅದೇ ಪೆಟ್ಟಿನಿಂದ ಮಿದುಳಲ್ಲಿ ರಕ್ತ ಹೆಪ್ಪುಗಟ್ಟಿ ದೃಷ್ಟಿ ಹೋಗುತ್ತದೆ ಎಂದು ಮೂರನೇ ಸಾಲ ಕೇಳಿದಾಗ ಕೊಡಲು ನನ್ನಲ್ಲಿ ಏನೂ ಉಳಿದಿಲ್ಲ.

ಶಾಲ್ಮಲಾ ದಂಡಿ:

ಕತ್ತರಿ ಸರ್, ವೈದ್ಯಶಾಸ್ತ್ರದ ಲೆಕ್ಕದಾಗ ನೀವು ಗೆದ್ರಿ. ಕಥೀ ಲೆಕ್ಕ ಬ್ಯಾರೆ ಐತಿ, ಇದನ್ನೊಂದು ಕೇಳ್ರಿ.

ಈ ಕಥಿ ಶುರು ಆಗಿದ್ದ ಮುಖದಿಂದ. ಬೀದ್ಯಾಗ ಮುಖ ಕಂಡು ಅಕಿ ತನ್ನ ನಿಶ್ಚಯ ಬಿಟ್ಟು ಓಡಿದ್ಲು. ಮುಂದ ಅಷ್ಟೂ ದಿನ ಜಗಳ ಮುಖದ್ದ: ಇಂವ ಅಂವನ ಹೌದೋ ಅಲ್ಲೋ, ನೀ ನನ್ನ ಮುಖ ನೋಡ್ತಿಯೋ ಅಂವಂದೋ. ಕಡೀ ಕಂತಿನಾಗ ಏನೈತಿ? ಮೂರು ವರ್ಷದ ಮ್ಯಾಲೆ ಅಕಿ ಫ್ರಾನ್ಸಿನಿಂದ ಬರ್ತಾಳ. ಪತ್ರಿಕ್ಯಾಗ ಒಂದು ಮನೀ ಚಿತ್ರ ನೋಡ್ತಾಳ. ಯಾರೂ ಕಟ್ಟಾಕ ಆಗೂದಿಲ್ಲ ಅಂತ ತಾನ ಒಂದು ಕಾಲಕ್ಕ ಬಿಡಿಸಿದ್ದ ಮನಿ ಅದು. ಹುಡುಕ್ಕೊಂಡು ದ್ವೀಪಕ್ಕ ಹೋಗ್ತಾಳ. ಅಲ್ಲಿ ಅಂವ ಬರ್ತಾನ, ಕಣ್ಣು ಕಾಣೂದಿಲ್ಲ. ಮುಖ ಅನ್ನೂದು ಆಟದಿಂದಾನ ಹೋತು. ಈಗ ಅಂವ ಅಕಿನ್ನ ಗುರುತು ಹಿಡೀಬೇಕಂದ್ರ ಮುಖ ಇಲ್ಲದ ಹಿಡೀಬೇಕು, ಹಿಡೀತಾನ. ಅಕಿ ಮಿನ್-ಹ್ಯೋಂಗ್ ಮುಂದ ಮೊದಲ ಹೇಳಿದ್ಲಲ್ಲ, ಪ್ರೀತಿ ಮಾಡೋರ ಮನಸ್ಸ ಎಲ್ಲಾದಕ್ಕಿಂತ ಚಲೋ ಮನಿ ಅಂತ. ಆ ಮಾತನ್ನ ಅಂವ ಕಲ್ಲು ಗಾರೀಲೆ ಕಟ್ಟಿ ನಿಲ್ಲಿಸ್ಯಾನ, ತನಗ ಕಾಣದಿದ್ರೂ. ಕಣ್ಣು ಹೋಗಲಾರದ ಈ ದೃಶ್ಯ ಬರೀಬೇಕಂದ್ರ ಹೆಂಗ ಬರೀತಿದ್ರಿ?

ಕತ್ತರಿ:

ಆ ದೃಶ್ಯಕ್ಕೆ ಕಣ್ಣು ಹೋಗಿರಲೇಬೇಕು, ಒಪ್ಪಿದೆ ಮೇಡಂ. ಹಾಗಿದ್ದರೆ ತಯಾರಿ ಬೇಕಿತ್ತು. ಮಧ್ಯದ ಕಂತುಗಳಲ್ಲಿ ಕನ್ನಡಕ ತೆಗೆದು ಒಂದು ಗಳಿಗೆ ಕಣ್ಣುಜ್ಜುವುದು, ನಕ್ಷೆಯ ಗೆರೆ ತಪ್ಪಿ ಎಳೆಯುವುದು, ಇಂಥದ್ದು ಮೂರ್ನಾಲ್ಕು ಕಡೆ ಸಾಕಿತ್ತು. ಅವನು ಕನ್ನಡಕಧಾರಿ, ವೃತ್ತಿ ವಾಸ್ತುಶಿಲ್ಪ, ಎರಡೂ ಕೈಗೆಟುಕುವಲ್ಲೇ ಇದ್ದವು.

ಹೊಸ ವೀಕ್ಷಕಿ:

ಎರಡನೇ ಪ್ರಶ್ನೆ ಇನ್ನೂ ಬಾಕಿ ಇದೆ.

ಕಂತುಗಾರ:

ಕ್ಷಮಿಸಿ, ಮಾತಿನಲ್ಲಿ ಮರೆತೇಹೋಯಿತು. 1, 2, 3 ಬಿಡಲೇಬೇಡಿ, ಓಡಿಸಿಯೂ ನೋಡಬೇಡಿ. ಅಲ್ಲಿಂದ 10ರವರೆಗೆ, ಸ್ಕೀ ರೆಸಾರ್ಟಿನ ಕೆಲಸದ ಸುತ್ತಲಿನ ಭಾಗ, ಒಂದೇ ಓಟದಲ್ಲಿ ನೋಡುವಂಥದ್ದು. ನೆನಪು ಮರಳುವ ಕಂತುಗಳಲ್ಲಿ ಕರೆಯುವ ರೀತಿಯನ್ನು ಕಿವಿಗೊಟ್ಟು ಕೇಳಿ. ಆಮೇಲಿನದರಲ್ಲಿ ಹಳೆಯ ತುಣುಕು ಶುರುವಾದಾಗ ಮುಂದಕ್ಕೆ ಓಡಿಸಬಹುದು. ಸಮುದ್ರ ತೀರದ ಅಗಲಿಕೆ ಬಂದಾಗ ನಿಲ್ಲಿಸಿ. ಕೊನೆಗೆ 20. ಅದನ್ನು ಮಾತ್ರ ರಾತ್ರಿ, ದೀಪ ಆರಿಸಿ, ಫೋನ್ ಬೇರೆ ಕೋಣೆಯಲ್ಲಿಟ್ಟು ನೋಡಿ.